ತಮ್ಮಾ, ಚೀಲಾ ಎಲ್ಲೆ ಇಡ್ಲಿ?

"ಛಲೋ ಐತಿ ತಮ್ಮಾ. ಈಗ ಚೀಲಾ ಎಲ್ಲೆ ಇಡ್ಲಿ?"

ಹುಬ್ಬಳ್ಳಿಯ ಅಮರಗೋಳ ಎಪಿಎಂಸಿ ಯಾರ್ಡಿನಲ್ಲಿ ಹಿರಿಯ ಹಮಾಲರೊಬ್ಬರು ನನ್ನನ್ನು ಕೇಳಿದ ಪ್ರಶ್ನೆ ಇದು. ಅವರ ಬೆನ್ನ ಮೇಲೆ ನಾನು ಏಳು ತಿಂಗಳು ಕೂತು ಮಾಡಿದ ಅಲ್ಯೂಮಿನಿಯಂ ಚೌಕಟ್ಟು ಇತ್ತು. ಎರಡು ಗ್ಯಾಸ್ ಸ್ಪ್ರಿಂಗ್, ಸೊಂಟಕ್ಕೆ ಒಂದು ದಪ್ಪ ಬೆಲ್ಟ್, ತೊಡೆಗೆ ಎರಡು ಪ್ಯಾಡ್. ಬಗ್ಗಿದರೆ ಸ್ಪ್ರಿಂಗ್ ಒತ್ತಿಕೊಳ್ಳುತ್ತದೆ, ಏಳುವಾಗ ಅದೇ ಎತ್ತಿ ಕೊಡುತ್ತದೆ. ವರ್ಕ್‌ಶಾಪಿನಲ್ಲಿ ನಾನೇ ಹಾಕಿಕೊಂಡು ನೂರಾರು ಸಲ ಬಗ್ಗಿ ಎದ್ದು ನೋಡಿದ್ದೆ. ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಆದರೆ ಹಮಾಲ ಚೀಲ ಹೊರುವುದು ಬೆನ್ನ ಮೇಲೆ. ಆ ಜಾಗದಲ್ಲಿ ಈಗ ನನ್ನ ಚೌಕಟ್ಟು ಕೂತಿತ್ತು.

ಕಾಕಾ ನಗಲಿಲ್ಲ, ಬೇಜಾರೂ ಮಾಡಿಕೊಳ್ಳಲಿಲ್ಲ. ಬೆಲ್ಟ್ ಬಿಚ್ಚಿ, ಚೌಕಟ್ಟನ್ನು ಎರಡೂ ಕೈಲಿ ಹಿಡಿದು ಜೋಪಾನವಾಗಿ ಕಟ್ಟೆಯ ಮೇಲಿಟ್ಟರು. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಲಾರಿಯ ಕಡೆ ಹೋದರು. ನಾನು ಅವತ್ತು ಸಂಜೆಯವರೆಗೆ ಅದೇ ಕಟ್ಟೆಯ ಮೇಲೆ ಕೂತು ಸುಮ್ನೆ ನೋಡುತ್ತಿದ್ದೆ. ಆ ನೋಡುವ ಕೆಲಸವನ್ನು ಏಳು ತಿಂಗಳ ಹಿಂದೆಯೇ ಮಾಡಬೇಕಿತ್ತು.

ಗೋಕುಲ ರಸ್ತೆಯ ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಓದಿದ್ದು ಮೆಕ್ಯಾನಿಕಲ್. ಬೇರೆಯವರಿಗೆ ಬ್ರಾಕೆಟ್, ಪಿನ್, ಸ್ಪ್ರಿಂಗ್ ಹೋಲ್ಡರ್ ಮಾಡಿಕೊಡುವುದು ನನ್ನ ಹೊಟ್ಟೆಪಾಡು. ಐದು ವರ್ಷದ ಹಿಂದೆ ಭಾರದ ಪಾರ್ಟ್ ಒಂದನ್ನು ಎತ್ತಲು ಹೋಗಿ ನಡ ಹಿಡಿದು ಹದಿನೈದು ದಿನ ಮಲಗಿದ್ದೆ. ನಾನು ಮಲಗಿದರೆ ವರ್ಕ್‌ಶಾಪ್ ನಡೆಸಲು ಇನ್ನಿಬ್ಬರು ಇದ್ದರು. ದಿನಗೂಲಿಯವರು ಮಲಗಿದರೆ ಅವತ್ತಿನ ಒಲೆ ಹೊತ್ತುವುದು ಹೇಗೆ ಅನ್ನುವ ಯೋಚನೆ ಅಲ್ಲೇ ಶುರುವಾಯಿತು. ಮೊಬೈಲಿನಲ್ಲಿ ಎಕ್ಸೋಸ್ಕೆಲಿಟನ್ ವಿಡಿಯೋಗಳನ್ನು ನೋಡುತ್ತಾ ಹೋದೆ.

ಎಕ್ಸೋಸ್ಕೆಲಿಟನ್ ಅಂದರೆ ಮೈಯ ಹೊರಗೆ ತೊಡುವ ಎಲುಬು. ಏಡಿಗೆ ಚಿಪ್ಪು ಹೊರಗಿರುತ್ತದಲ್ಲ, ಹಾಗೆ. ಇದು ಇವತ್ತಿನ ಕನಸಲ್ಲ. ಓಡಲು, ನೆಗೆಯಲು ನೆರವಾಗುವ ಸ್ಪ್ರಿಂಗ್ ಸಾಧನಕ್ಕೆ ರಷ್ಯಾದ ನಿಕೋಲಸ್ ಯಾಗ್ನ್ 1890ರಲ್ಲೇ ಪೇಟೆಂಟ್ ಪಡೆದಿದ್ದ. 1960ರ ದಶಕದಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ಹಾರ್ಡಿಮನ್ ಅನ್ನುವ ದೊಡ್ಡ ಯಂತ್ರ ಮಾಡಲು ಹೊರಟಿತು. ಅದರ ತೂಕವೇ ಸುಮಾರು 680 ಕೆಜಿ. ಕೊನೆಗೆ ಒಂದು ಕೈಯಷ್ಟೇ ಹಿಡಿತಕ್ಕೆ ಬಂತು. ಇಡೀ ಯಂತ್ರವನ್ನು ಒಮ್ಮೆಗೇ ಚಾಲೂ ಮಾಡಿದರೆ ಹಿಡಿತ ತಪ್ಪಿ ಕುಲುಕಾಡುತ್ತಿದ್ದುದರಿಂದ ಒಳಗೆ ಮನುಷ್ಯನನ್ನು ಕೂರಿಸಲೇ ಇಲ್ಲ. ನನಗೆ ಧೈರ್ಯ ಕೊಟ್ಟದ್ದು 2015ರ ಒಂದು ಕೆಲಸ. ಅಮೆರಿಕದ ಸಂಶೋಧಕರು ಮೋಟಾರ್, ಬ್ಯಾಟರಿ ಏನೂ ಇಲ್ಲದೆ ಹಿಮ್ಮಡಿಯ ಬಳಿ ಒಂದು ಸ್ಪ್ರಿಂಗ್, ಒಂದು ಸಣ್ಣ ಕ್ಲಚ್ ಇಟ್ಟು ನಡಿಗೆಗೆ ಬೇಕಾಗುವ ಶಕ್ತಿಯನ್ನು ಸುಮಾರು ಶೇ. 7ರಷ್ಟು ಇಳಿಸಿ ತೋರಿಸಿದ್ದರು. ಬ್ಯಾಟರಿ ಬೇಡ ಅಂದರೆ ನನ್ನಂಥವನೂ ಮಾಡಬಹುದು ಅನ್ನಿಸಿತು.

ಮತ್ತೆ ಯಾರ್ಡಿಗೆ ಬರುತ್ತೇನೆ. ಕಾಕಾ ಕೇಳಿದ ಮೇಲೆ ಮೂರು ವಾರ ದಿನಾ ಬೆಳಿಗ್ಗೆ ಅಲ್ಲಿಗೆ ಹೋದೆ. ಒಂದು ನೋಟ್‌ಬುಕ್, ಒಂದು ಪೆನ್ನು, ಅಷ್ಟೇ. ಹಮಾಲರು ಚೀಲ ಎತ್ತುವುದನ್ನು ಸರಿಯಾಗಿ ನೋಡಿದ್ದೀರಾ? ಒಬ್ಬರೇ ನೆಲದಿಂದ ಬಗ್ಗಿ ಎತ್ತುವುದು ಕಡಿಮೆ. ಇಬ್ಬರು ಚೀಲದ ಎರಡು ತುದಿ ಹಿಡಿದು ಮೇಲಕ್ಕೆ ತರುತ್ತಾರೆ. ಮೂರನೆಯವರು ಅದರ ಕೆಳಗೆ ಬೆನ್ನು ಕೊಟ್ಟು, ಒಂದು ಸಣ್ಣ ಜಗ್ಗು ಕೊಟ್ಟು ಸರಿಮಾಡಿಕೊಳ್ಳುತ್ತಾರೆ. ಆಮೇಲೆ ಸಣ್ಣ ಸಣ್ಣ ಹೆಜ್ಜೆ. ಭಾರ ನೇರವಾಗಿ ಬೆನ್ನೆಲುಬಿನ ಮೇಲಿಂದ ಕಾಲಿಗೆ ಇಳಿಯುತ್ತದೆ. ಬಗ್ಗಿ ಏಳುವವರಿಗೆ ನೆರವಾಗುವ ಸ್ಪ್ರಿಂಗ್ ಇಲ್ಲಿ ಮಾಡುವುದು ಏನೂ ಇಲ್ಲ. ಕಾಕಾಗೆ ಅದನ್ನು ಹೇಳಿದೆ. "ಚೀಲಾ ಹಗೂರ ಮಾಡ್ಸು ತಮ್ಮಾ, ಬೆನ್ನಿಗೆ ಮಷೀನ್ ಯಾಕ?" ಅಂದರು. ಅವರ ಮಾತೇ ಖರೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಗಂಡಸೊಬ್ಬ ಹೊರುವ ಭಾರ 55 ಕೆಜಿ ಮೀರಬಾರದು ಎಂದು ಶಿಫಾರಸು ಮಾಡಿದೆ. ಕೆಲಸಗಾರರ ಸುರಕ್ಷತೆ ನೋಡುವ ಅಮೆರಿಕದ ನಯೋಷ್ ಸಂಸ್ಥೆಯ ಎತ್ತುವ ಸೂತ್ರದಲ್ಲಿ ಅತಿ ಹೆಚ್ಚಿನ ಭಾರವೇ 23 ಕೆಜಿ, ಅದೂ ಎಲ್ಲ ಅನುಕೂಲ ಇದ್ದಾಗ. ಹೊರುವವರಿಗೆ ಬೇಕಾದ್ದು ಸಣ್ಣ ಚೀಲ, ಲಾರಿಯ ಎತ್ತರಕ್ಕೆ ಸರಿಯಾದ ಕಟ್ಟೆ, ಒಳ್ಳೆ ಗಾಲಿಯ ಟ್ರಾಲಿ. ಇದನ್ನು ಎಕ್ಸೋಸ್ಕೆಲಿಟನ್ ಮಾಡುವವನಾಗಿಯೇ ಹೇಳುತ್ತಿದ್ದೇನೆ.

ಹಾಗಾದರೆ ಯಾರ್ಡಿನಲ್ಲಿ ಬಗ್ಗುವವರು ಯಾರು? ಉಳ್ಳಾಗಡ್ಡಿ (ಈರುಳ್ಳಿ) ರಾಶಿಯ ಮುಂದಿದ್ದ ಹೆಣ್ಣುಮಕ್ಕಳು. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ, ತಲೆಗೆ ಟವೆಲ್. ಗಡ್ಡಿ ಆರಿಸಿ ಬುಟ್ಟಿಗೆ ಹಾಕುವುದು, ಬುಟ್ಟಿ ಎತ್ತಿ ಚೀಲಕ್ಕೆ ಸುರಿಯುವುದು, ಮತ್ತೆ ಬಗ್ಗುವುದು. ಸ್ವಲ್ಪ ಹೊತ್ತು ಕುಕ್ಕರಗಾಲಲ್ಲಿ ಕೂರುತ್ತಾರೆ, ಕಾಲು ಜೋಮು ಹಿಡಿದರೆ ಎದ್ದು ಬಗ್ಗಿ ಆರಿಸುತ್ತಾರೆ. ಒಬ್ಬ ಅಕ್ಕನನ್ನು ಒಂದು ತಾಸು ಎಣಿಸಿದೆ. 190 ಸಲ ಬಗ್ಗಿದ್ದರು. ಅವರು ಎತ್ತುತ್ತಿದ್ದ ಬುಟ್ಟಿ ಭಾರವಲ್ಲ. ಆದರೂ ಸಂಜೆ ಹೊತ್ತಿಗೆ ನೆಟ್ಟಗೆ ನಿಲ್ಲಲು ಅವರಿಗೆ ನಾಲ್ಕು ಉಸಿರು ಬೇಕಾಗುತ್ತಿತ್ತು.

ಬರಿಗೈಲಿ ಬಗ್ಗಿದರೆ ಅಷ್ಟು ನೋವು ಯಾಕೆ? ಇದನ್ನು ಬಿಡಿಸಿ ಹೇಳಲೇಬೇಕು. ಐವತ್ತು ಕೆಜಿ ತೂಗುವವರ ಸೊಂಟದ ಮೇಲಿನ ಮೈ, ತಲೆ, ಕೈ ಎಲ್ಲ ಸೇರಿ ಸುಮಾರು ಅರ್ಧ ತೂಕ. ಚೆನ್ನಾಗಿ ಬಗ್ಗಿದಾಗ ಆ ತೂಕದ ನಡುಬಿಂದು ಸೊಂಟದಿಂದ ಒಂದು ಗೇಣಿಗಿಂತ ಜಾಸ್ತಿ ಮುಂದಿರುತ್ತದೆ. ಅದನ್ನು ಹಿಂದಿನಿಂದ ಎಳೆದು ಹಿಡಿಯುವ ಬೆನ್ನಿನ ಸ್ನಾಯುಗಳು ಮಾತ್ರ ಬೆನ್ನೆಲುಬಿನ ನಡುವಿನಿಂದ 5 ಸೆಂ.ಮೀ. ಆಸುಪಾಸು ದೂರದಲ್ಲಿವೆ. ಏತದ ಲೆಕ್ಕ ಇದ್ದಹಾಗೆ. ಉದ್ದ ತೋಳಿನ ತುದಿಗೆ 25 ಕೆಜಿ, ಮೋಟು ತೋಳಿನ ಕಡೆ ಸ್ನಾಯು. ಸಮ ಮಾಡಲು ಸ್ನಾಯು ನೂರು ಕೆಜಿ ಮೀರಿ ಎಳೆಯಬೇಕಾಗುತ್ತದೆ. ಆ ಎಳೆತವೆಲ್ಲ ಬೆನ್ನೆಲುಬಿನ ಮಧ್ಯದ ಮೆತ್ತನೆಯ ಡಿಸ್ಕುಗಳ ಮೇಲೆ ಬೀಳುತ್ತದೆ. ತಾಸಿಗೆ 190 ಸಲ!

ಈಗ ಸ್ನಾಯುವಿನ ಜೊತೆಗೆ ಹೊರಗಿನಿಂದ ಒಂದು ರಬ್ಬರ್ ಪಟ್ಟಿ ಕಟ್ಟಿದೆವು ಅಂತ ಇಟ್ಟುಕೊಳ್ಳಿ. ಹೆಗಲಿನಿಂದ ಕಾಲಿನವರೆಗೆ, ಬೆನ್ನಿನ ಹೊರಗೆ. ಅದು ಬೆನ್ನೆಲುಬಿನ ನಡುವಿನಿಂದ ಸುಮಾರು 10 ಸೆಂ.ಮೀ. ದೂರ ಇರುತ್ತದೆ, ಸ್ನಾಯುವಿನ ಎರಡು ಪಟ್ಟು. ಹಾಗಾಗಿ ಪಟ್ಟಿ 15 ಕೆಜಿ ಎಳೆದರೆ ಸ್ನಾಯುವಿಗೆ 30 ಕೆಜಿ ಉಳಿತಾಯ. ಪಟ್ಟಿಯ 15 ಕೆಜಿಯೂ ಬೆನ್ನೆಲುಬನ್ನು ಒತ್ತುತ್ತದೆ, ನಿಜ. ಅದನ್ನು ಕಳೆದರೂ ಡಿಸ್ಕಿಗೆ 15 ಕೆಜಿ ಕಡಿಮೆ. ಇಷ್ಟು ಲೆಕ್ಕ ಕೈಗೆ ಬಂದ ದಿನ ಅಲ್ಯೂಮಿನಿಯಂ ಚೌಕಟ್ಟನ್ನು ಮೂಲೆಗೆ ಇಟ್ಟೆ.

ಚೌಕಟ್ಟಿಗೆ ಇನ್ನೊಂದು ರೋಗ ಇತ್ತು. ಮೈ ಬಗ್ಗಿದಾಗ ಬೆನ್ನು ಉದ್ದ ಆಗುತ್ತದೆ. ನಂಬಿಕೆ ಬರದಿದ್ದರೆ ಮನೆಯವರಿಗೆ ಹೇಳಿ, ಕುತ್ತಿಗೆಯ ಬುಡದಿಂದ ಸೊಂಟದ ಕೆಳಗಿನವರೆಗೆ ಟೇಪ್ ಹಿಡಿಸಿ, ನಿಂತಾಗ ಒಮ್ಮೆ, ಪೂರ್ತಿ ಬಗ್ಗಿದಾಗ ಒಮ್ಮೆ. ಸುಮಾರು 10 ಸೆಂ.ಮೀ. ವ್ಯತ್ಯಾಸ ಬರುತ್ತದೆ. ಅಲ್ಯೂಮಿನಿಯಂ ಉದ್ದ ಆಗುವುದಿಲ್ಲ. ಹಾಗಾಗಿ ಪ್ರತಿ ಸಲ ಬಗ್ಗಿದಾಗಲೂ ಸೊಂಟದ ಬೆಲ್ಟ್ ಸ್ವಲ್ಪ ಮೇಲೆ ಜಾರುತ್ತಿತ್ತು. ಮೇಲಾಗಿ ನಮ್ಮ ಕೀಲುಗಳು ಬಾಗಿಲಿನ ತಿರುಗಣೆಯಂಥವಲ್ಲ. ಮೊಣಕಾಲು ಮಡಿಸುವಾಗ ಮೇಲಿನ ಎಲುಬು ಕೆಳಗಿನದರ ಮೇಲೆ ಉರುಳುತ್ತಲೇ ಜಾರುತ್ತದೆ, ತಿರುಗುವ ಬಿಂದು ತಾನೇ ಜಾಗ ಬದಲಿಸುತ್ತದೆ. ಹೊರಗಿನ ಪಿನ್ನು ಒಂದೇ ಕಡೆ ನಿಂತಿರುತ್ತದೆ. ಎರಡರ ಜಗಳದಲ್ಲಿ ತರಚುವುದು ಚರ್ಮ. ನನ್ನ ತೊಡೆಯ ಹೊರಮೈಯಲ್ಲಿ ಆಗ ಆದ ಎರಡು ಕಲೆ ಈಗಲೂ ಇವೆ. ಬಟ್ಟೆ, ಪಟ್ಟಿ, ರಬ್ಬರಿನಿಂದ ಮಾಡಿದ ಮೆತ್ತನೆಯ ಸಾಧನಕ್ಕೆ ಈ ತಾಪತ್ರಯ ಕಡಿಮೆ, ಅದು ಮೈಯನ್ನೇ ಚೌಕಟ್ಟು ಮಾಡಿಕೊಳ್ಳುತ್ತದೆ.

ಇಲ್ಲಿಂದ ಮುಂದೆ ನಮ್ಮ ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ, ಜೊತೆಗೆ ಬಂದರು. ಅವರು ಫಿಸಿಯೋಥೆರಪಿಸ್ಟ್. ಹೆಣ್ಣುಮಕ್ಕಳ ಮೈಗೆ ಪಟ್ಟಿ ಕಟ್ಟಿ, ಅಳತೆ ತೆಗೆದು, ಎಲ್ಲಿ ಒತ್ತುತ್ತದೆ ಅಂತ ಕೇಳುವ ಕೆಲಸ ನನ್ನಿಂದ ಆಗುವಂಥದ್ದೂ ಅಲ್ಲ, ಆಗಬೇಕಾದ್ದೂ ಅಲ್ಲ. ಅವರು ಬರದೇ ಇದ್ದಿದ್ದರೆ ಈ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು.

ಮೊದಲ ಮೆತ್ತನೆ ಮಾದರಿಯಲ್ಲಿ ಪಟ್ಟಿಯ ಕೆಳತುದಿಯನ್ನು ತೊಡೆಗೆ ಕಟ್ಟಿದ್ದೆ. ನಾನು ನೋಡಿದ ವಿದೇಶಿ ಮಾದರಿಗಳಲ್ಲಿ ಹಾಗೇ ಇತ್ತು. ಆದರೆ ಅವನ್ನು ತೊಟ್ಟವರೆಲ್ಲ ಪ್ಯಾಂಟ್ ಹಾಕಿದವರು. ಕಚ್ಚೆ ಹಾಕಿ ಸೀರೆ ಉಟ್ಟ ವಯಸ್ಸಾದವರಿಗೆ ಹೇಗೋ ಕೂತಿತು. ಉಳಿದವರಿಗೆ ಸೀರೆಯ ಮೇಲೆ ತೊಡೆಪಟ್ಟಿ ಕಟ್ಟಿದರೆ ಎರಡು ಹೆಜ್ಜೆ ಇಡಲು ಆಗಲಿಲ್ಲ. ಒಳಗೆ ಕಟ್ಟೋಣ ಅಂದರೆ ಬಿಚ್ಚಿ ಹಾಕಲು ಯಾರ್ಡಿನಲ್ಲಿ ಮರೆ ಎಲ್ಲಿದೆ? ಇನ್ನೂ ಒಂದು ತೊಂದರೆ. ಕುಕ್ಕರಗಾಲಲ್ಲಿ ಕೂತಾಗಲೂ ಸೊಂಟ ಮಡಿಸುತ್ತದೆ, ಪಟ್ಟಿ ಆಗಲೂ ಎಳೆಯುತ್ತದೆ. "ಇದು ನನ್ನ ಕುಂದ್ರಾಕ ಬಿಡವಲ್ದು ನೋಡ್ರಿ" ಅಂದರು ಒಬ್ಬ ಅವ್ವ. ಪಟ್ಟಿ ಬಿಡಿಸಲು ಎದೆಯ ಹತ್ತಿರ ಒಂದು ಕೊಕ್ಕೆ ಇಟ್ಟೆ. ಬಗ್ಗುವಾಗ ಹಾಕಬೇಕು, ಕೂರುವಾಗ ತೆಗೆಯಬೇಕು. ಕೈಯೆಲ್ಲ ಉಳ್ಳಾಗಡ್ಡಿಯ ಧೂಳು, ಮುಂದೆ ರಾಶಿ, ಹಿಂದೆ ಅವಸರ ಮಾಡುವ ಮುಕಾದಮ. ಇದರ ನಡುವೆ ತಾಸಿಗೆ ಇಪ್ಪತ್ತು ಸಲ ಕೊಕ್ಕೆ ಹಾಕಿ ತೆಗೆಯುವವರು ಯಾರು? ಎರಡನೇ ದಿನಕ್ಕೆ ಎಲ್ಲರೂ ಕೊಕ್ಕೆ ತೆಗೆದೇ ಕೆಲಸ ಮಾಡುತ್ತಿದ್ದರು. ಸಾಧನ ಮೈಮೇಲಿತ್ತು, ಕೆಲಸ ಮಾತ್ರ ಮಾಡುತ್ತಿರಲಿಲ್ಲ.

ದಾರಿ ತೋರಿಸಿದ್ದು ವೈನಿ. ಅವರ ಕ್ಲಿನಿಕ್ಕಿನ ಗೋಡೆಯ ಮೇಲೆ ಸ್ನಾಯುಗಳ ಚಿತ್ರ ಇದೆ. ತೊಡೆಯ ಹಿಂದಿನ ಸ್ನಾಯುವಿನ ಮೇಲೆ ಬೆರಳಿಟ್ಟು, "ಇದು ಸೊಂಟವನ್ನೂ ದಾಟುತ್ತೆ, ಮೊಣಕಾಲನ್ನೂ ದಾಟುತ್ತೆ. ನಿನ್ನ ಪಟ್ಟಿ ಯಾಕೆ ಮಧ್ಯದಲ್ಲೇ ನಿಂತಿದೆ?" ಅಂದರು. ಆ ರಾತ್ರಿ ನಿದ್ದೆ ಬರಲಿಲ್ಲ. ಪಟ್ಟಿಯನ್ನು ಮೊಣಕಾಲಿನ ಹಿಂದಿನಿಂದ ಇಳಿಸಿ ಕಣಕಾಲಿನ ಹತ್ತಿರ ಕಟ್ಟಿದರೆ? ಕಾಲು ನೆಟ್ಟಗಿಟ್ಟು ಬಗ್ಗಿದಾಗ ಸೊಂಟದ ಕಡೆ ಪಟ್ಟಿ ಹಿಗ್ಗುತ್ತದೆ, ನೆರವು ಸಿಗುತ್ತದೆ. ಕುಕ್ಕರಗಾಲಲ್ಲಿ ಕೂತರೆ ಸೊಂಟದ ಕಡೆ ಹಿಗ್ಗಿದ್ದನ್ನು ಮೊಣಕಾಲಿನ ಕಡೆ ಸಡಿಲ ಆದದ್ದು ಸರಿದೂಗಿಸುತ್ತದೆ. ಕೊಕ್ಕೆಯೇ ಬೇಡ! ಸೀರೆಯ ತೊಡಕೂ ಮುಗಿಯಿತು. ಪಟ್ಟಿ ಸೀರೆಯ ಹೊರಗೆ ಹಿಂಬದಿಯಿಂದ ಇಳಿಯುತ್ತದೆ, ಕಟ್ಟುವುದು ಕೆಳಗೆ, ಎಲ್ಲರೆದುರೂ ಮುಜುಗರವಿಲ್ಲದೆ ಕಟ್ಟಬಹುದಾದ ಜಾಗದಲ್ಲಿ.

ಬೆಳಗ್ಗೆ ಐದಕ್ಕೇ ಎದ್ದು ಮಂಚದ ನವಾರ ಹರಿದು ನನ್ನ ಕಾಲಿಗೇ ಕಟ್ಟಿಕೊಂಡೆ. ಬಗ್ಗಿದೆ, ಎಳೆಯಿತು. ಕೂತೆ, ಬಿಟ್ಟಿತು. ಈ ಐದು ವರ್ಷದಲ್ಲಿ ಅಷ್ಟು ಖುಷಿ ಇನ್ನೊಂದು ದಿನ ಆಗಿಲ್ಲ.

ಕಣಕಾಲಿನ ಪಟ್ಟಿ ಮಾತ್ರ ಸುಲಭಕ್ಕೆ ನಿಲ್ಲಲಿಲ್ಲ. ರಬ್ಬರ್ ಮೇಲಕ್ಕೆ ಎಳೆದಂತೆ ಅದು ಮೀನಖಂಡದ ಕಡೆ ಹತ್ತಿ ಕುಳಿತು ಕೊರೆಯುತ್ತಿತ್ತು. ಬಿಗಿ ಮಾಡಿದರೆ ಪಾದ ಜೋಮು. ಕೊನೆಗೆ ಪಾದದ ಕೆಳಗೆ ಒಂದು ನವಾರದ ಕುಣಿಕೆ ಕೊಟ್ಟೆ, ಚಪ್ಪಲಿಯ ಒಳಗೆ ಹಿಮ್ಮಡಿಗೆ ಸ್ವಲ್ಪ ಮುಂದೆ. ಎಳೆತ ಚರ್ಮಕ್ಕೆ ಬೀಳದೆ ಅಂಗಾಲಿಗೆ ಹೋಯಿತು. ಯಾವುದೇ ತೊಡುವ ಸಾಧನದಲ್ಲಿ ಇದು ಮುಖ್ಯ: ಚರ್ಮ ಒತ್ತಡವನ್ನು ಒಂದಿಷ್ಟು ತಡೆಯುತ್ತದೆ, ಉಜ್ಜುವ ಎಳೆತವನ್ನು ತಡೆಯುವುದಿಲ್ಲ.

ಮೇಲಿನ ತುದಿ ಹೆಗಲಿಗೆ. ಅಲ್ಲಿ ಶಾಲೆ ಚೀಲದ ಹಾಗೆ ಎರಡು ಅಗಲ ಪಟ್ಟಿ. ಇದರ ಕಥೆ ಕೊನೆಗೆ ಹೇಳುತ್ತೇನೆ, ಯಾಕೆಂದರೆ ಅದು ನಾನು ಬಿಡಿಸಿದ ಗಂಟಲ್ಲ.

ಸಾಮಾನುಗಳ ವಿಷಯ ಬೇಗ ಹೇಳಿಬಿಡುತ್ತೇನೆ. ವೆಲ್ಕ್ರೋ ಹಾಕಿದ್ದೆ. ಒಂದೇ ತಾಸಿನಲ್ಲಿ ಉಳ್ಳಾಗಡ್ಡಿಯ ಸಿಪ್ಪೆ ಅದರ ಹಲ್ಲಿಗೆಲ್ಲ ತುಂಬಿ ಹಿಡಿತ ಹೋಯಿತು. ಈಗ ಶಾಲೆ ಚೀಲದ ಪ್ಲಾಸ್ಟಿಕ್ ಬಕಲ್. ಒಂದೇ ಕೈಲಿ ಬಿಚ್ಚಬಹುದು, ಪಟ್ಟಿ ಎಲ್ಲಾದರೂ ಸಿಕ್ಕಿಕೊಂಡರೆ ಅದು ಬೇಕೇ ಬೇಕು. ರಬ್ಬರಿಗೆ ಮೊದಲು ಸೈಕಲ್ ಟ್ಯೂಬ್ ಕತ್ತರಿಸಿ ಬಳಸಿದೆ. ಕಪ್ಪು ಬಣ್ಣ ಸೀರೆಗೆ ಹತ್ತಿತು. ಆಮೇಲೆ ರಬ್ಬರ್ ಹಾಳೆ ತಂದು ಪಟ್ಟಿ ಮಾಡಿ, ಮೇಲೆ ಹತ್ತಿ ಬಟ್ಟೆಯ ತೋಳು ಹೊಲಿಸಿದೆ.

ಪಟ್ಟಿ ಎಷ್ಟು ದಿನ ಬಾಳುತ್ತದೆ ಅಂತ ನೋಡಲು ಗುಜರಿಯಿಂದ ಹಳೆ ಬಸ್ಸಿನ ವೈಪರ್ ಮೋಟಾರ್ ತಂದೆ. ಅದರ ತೋಳಿಗೆ ಪಟ್ಟಿ ಸಿಕ್ಕಿಸಿದರೆ ನಿಮಿಷಕ್ಕೆ ಸುಮಾರು 45 ಸಲ ಎಳೆದು ಬಿಡುತ್ತದೆ. ದಿನಕ್ಕೆ ಏಳು ತಾಸಿನ ಕೆಲಸ ಅಂದರೆ 1,300 ಸಲಕ್ಕಿಂತ ಸ್ವಲ್ಪ ಜಾಸ್ತಿ ಬಗ್ಗುವುದು. ನನ್ನ ಮೋಟಾರ್ ಎಂಟು ತಾಸಿನಲ್ಲಿ 20,000 ದಾಟಿ ಹದಿನೈದು ದಿನದ ಕೆಲಸ ಮುಗಿಸುತ್ತಿತ್ತು. ಮೊದಲ ಪಟ್ಟಿ ರಾತ್ರಿ ಹರಿಯಿತು. ಬೆಳಿಗ್ಗೆ ನೋಡಿದರೆ ರಬ್ಬರಿನ ಮೈ ಚೆನ್ನಾಗಿಯೇ ಇದೆ, ಹರಿದದ್ದು ಹೊಲಿಗೆ ಹಾಕಿದ ತೂತುಗಳ ಸಾಲಿನಲ್ಲಿ, ಅಂಚೆ ಚೀಟಿ ಹರಿದ ಹಾಗೆ. ಎಳೆತವೆಲ್ಲ ತೂತಿನ ಅಂಚಿಗೆ ಕೂಡಿಬರುತ್ತದೆ. ಈಗ ರಬ್ಬರನ್ನು ಚುಚ್ಚುವುದೇ ಇಲ್ಲ. ದುಂಡು ಸರಳಿಗೆ ಎರಡು ಸುತ್ತು ಸುತ್ತಿ ಎರಡು ಪಟ್ಟಿಯ ನಡುವೆ ಒತ್ತಿ ಹಿಡಿಯುತ್ತೇನೆ. ಹಾಗೆ ಮಾಡಿದ ಪಟ್ಟಿ ಹರಿಯಲಿಲ್ಲ, ಆದರೆ ಸೋಲುತ್ತದೆ. ಶುರುವಿನಲ್ಲಿ ತೂಗುಕಾಟಾಕ್ಕೆ 15 ಕೆಜಿ ತೋರಿಸಿದ್ದು ಮೂರು ದಿನ ಮೋಟಾರಿನಲ್ಲಿ ಓಡಿದ ಮೇಲೆ 13ಕ್ಕೆ ಬಂತು. ಅದಕ್ಕೇ ಬಕಲಿನಲ್ಲಿ ಬಿಗಿ ಮಾಡಿಕೊಳ್ಳಲು ನಾಲ್ಕು ಬೆರಳಷ್ಟು ಜಾಗ ಬಿಟ್ಟಿದ್ದೇನೆ.

ಈಗ ಪರೀಕ್ಷೆ. ಮಾಡುವುದಕ್ಕಿಂತ ಪರೀಕ್ಷಿಸುವುದೇ ಕಷ್ಟ, ಇದನ್ನು ಯಾರೂ ನನಗೆ ಮೊದಲು ಹೇಳಿರಲಿಲ್ಲ.

ಮನುಷ್ಯರ ಮೇಲೆ ಪರೀಕ್ಷೆ ಅಂದರೆ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, 2017ರಲ್ಲಿ ತಂದ ಮಾರ್ಗಸೂಚಿ ಇದೆ. ಒಂದು ಕಾಲೇಜಿನವರ ಜೊತೆ ಸೇರಿ ಅರ್ಜಿ ಹಾಕಿದೆವು. ಒಪ್ಪಿಗೆ ಪತ್ರದ ಮೊದಲ ಕರಡು ಪುಸ್ತಕದ ಕನ್ನಡದಲ್ಲಿತ್ತು. ವೈನಿ ಅದನ್ನು ಯಾರ್ಡಿನ ಮಾತಿನಲ್ಲಿ ಮತ್ತೆ ಬರೆದರು. "ಬ್ಯಾಡ ಅನಸಿದ್ರ ಯಾವಾಗ ಬೇಕಾದ್ರೂ ಬಿಚ್ಚಿಡಬಹುದು, ಪಗಾರ ಕಡಿಮಿ ಆಗೂದಿಲ್ಲ" ಅನ್ನುವ ಸಾಲನ್ನು ಎರಡು ಸಲ ಓದಿ ಹೇಳಿದರು. ಎಂಟು ಜನ ಒಪ್ಪಿದರು. ಪರೀಕ್ಷೆಗೆ ಹೋದ ಹೊತ್ತಿಗೆ ಕೂಲಿ ಕಟ್ ಆಗಬಾರದು, ಆ ದಿನದ ಪೂರ್ತಿ ಪಗಾರ ನಾವೇ ಕೊಟ್ಟೆವು.

ಸ್ನಾಯು ಎಷ್ಟು ದುಡಿಯುತ್ತಿದೆ ಅಂತ ಅಳೆಯಲು ಇಎಂಜಿ ಅನ್ನುವ ಉಪಕರಣ ಇದೆ. ಚರ್ಮಕ್ಕೆ ಅಂಟಿಸಿದ ಬಿಲ್ಲೆಗಳು ಸ್ನಾಯುವಿನ ಸಣ್ಣ ವಿದ್ಯುತ್ತನ್ನು ಹಿಡಿಯುತ್ತವೆ. ಕಾಲೇಜಿನಿಂದ ಎರವಲು ತಂದೆವು. ಬಿಸಿಲಿಗೆ, ಬೆವರಿಗೆ ಬಿಲ್ಲೆಗಳು ಹತ್ತು ನಿಮಿಷದಲ್ಲಿ ಕಿತ್ತು ಬರುತ್ತಿದ್ದವು. ಸ್ಪಿರಿಟ್ ಹಚ್ಚಿ ಒರೆಸಿ, ಮೇಲೆ ಟೇಪ್ ಹಾಕಿ, ನೆರಳಿನ ಶೆಡ್ಡಿನಲ್ಲಿ ಹೇಗೋ ಮಾಡಿದೆವು. ಮೊದಲ ದಿನದ ಗ್ರಾಫ್ ನೋಡಿ ನನ್ನ ಕಣ್ಣಲ್ಲಿ ನೀರು ಬಂತು. ಪೂರ್ತಿ ಬಗ್ಗಿದಾಗ ಬೆನ್ನಿನ ಸ್ನಾಯು ಸಂಪೂರ್ಣ ಮೌನ, ಗೆರೆ ಚಪ್ಪಟೆ. ಪಟ್ಟಿ ಎಲ್ಲ ಭಾರವನ್ನೂ ತಗೊಂಡಿದೆ ಅಂದುಕೊಂಡೆ. ವೈನಿ ಒಂದೇ ಮಾತು ಹೇಳಿದರು: "ಪಟ್ಟಿ ಬಿಚ್ಚಿ ಇನ್ನೊಮ್ಮೆ ಮಾಡಿಸು." ಮಾಡಿಸಿದೆ. ಪಟ್ಟಿ ಇಲ್ಲದೆಯೂ ಗೆರೆ ಚಪ್ಪಟೆಯೇ!

ಮೈ ಪೂರ್ತಿ ಬಗ್ಗಿದಾಗ ಬೆನ್ನಿನ ಸ್ನಾಯುಗಳು ತಾವಾಗಿಯೇ ಕೈಬಿಡುತ್ತವೆ, ಭಾರ ಎಲುಬುಗಳನ್ನು ಕಟ್ಟಿ ಹಿಡಿದ ನಾರುಗಳ ಮೇಲೆ ಬೀಳುತ್ತದೆ. ವೈದ್ಯಶಾಸ್ತ್ರಕ್ಕೆ ಇದು 1950ರ ದಶಕದಿಂದಲೇ ಗೊತ್ತು, ನನಗೆ ಗೊತ್ತಿರಲಿಲ್ಲ. ಆ ಗ್ರಾಫನ್ನು ಹಾಗೇ ಎಲ್ಲರಿಗೂ ತೋರಿಸಿದ್ದರೆ ಒಂದು ದೊಡ್ಡ ಸುಳ್ಳನ್ನು ನಿಜ ಅಂತ ನಂಬಿಸಿದಂತಾಗುತ್ತಿತ್ತು. ಆಮೇಲೆ ಬಡಿಗೇರರೊಬ್ಬರ ಹತ್ತಿರ ಕಟ್ಟಿಗೆಯ ಒಂದು ಗೇಜ್ ಮಾಡಿಸಿದೆ. ಒಂದು ಪಟ್ಟಿ 30 ಡಿಗ್ರಿಗೆ, ಇನ್ನೊಂದು 60ಕ್ಕೆ. ಬೆನ್ನು ಆ ಪಟ್ಟಿಗೆ ತಾಗುವಷ್ಟು ಬಗ್ಗಿ ನಿಲ್ಲಬೇಕು. ಸ್ನಾಯು ದುಡಿಯುವುದು ಈ ನಡುವಿನ ಕೋನಗಳಲ್ಲಿ, ಆರಿಸುವವರು ಜಾಸ್ತಿ ಹೊತ್ತು ಇರುವುದೂ ಅಲ್ಲೇ. ಅಲ್ಲಿ ಗೆರೆ ಇಳಿದದ್ದು ಸ್ವಲ್ಪವೇ, ಆದರೆ ಎಂಟರಲ್ಲಿ ಆರು ಜನರಿಗೆ ಇಳಿದದ್ದು ನಿಜ.

ಇನ್ನು ಕೇಳಿ ತಿಳಿಯುವ ಪರೀಕ್ಷೆ. ಶ್ರಮ ಎಷ್ಟಾಯಿತು ಅಂತ 6ರಿಂದ 20ರವರೆಗೆ ಅಂಕ ಕೊಡಿಸುವ ಒಂದು ಪದ್ಧತಿ ಇದೆ. ಬೋರ್ಗ್ ಮಾಪಕ ಅನ್ನುತ್ತಾರೆ. ನಮ್ಮ ಕಡೆ ಅದು ನಡೆಯಲಿಲ್ಲ. ಎಲ್ಲರ ಉತ್ತರ ಒಂದೇ: "ಅಡ್ಡಿಯಿಲ್ರಿ ಸರ." ಹೆಗಲು ಕೆಂಪಾಗಿದ್ದರೂ ಅಡ್ಡಿಯಿಲ್ಲ, ಬೆವತು ತೊಯ್ದಿದ್ದರೂ ಅಡ್ಡಿಯಿಲ್ಲ. ಇಷ್ಟು ದೂರ ಬಂದು ಕಷ್ಟಪಟ್ಟು ಮಾಡಿದ್ದಾನೆ, ಅವನ ಮನಸ್ಸು ಯಾಕೆ ನೋಯಿಸಬೇಕು ಅನ್ನುವ ಒಳ್ಳೆತನ ಅದು. ಆ ಒಳ್ಳೆತನವನ್ನು ಲೆಕ್ಕಕ್ಕೆ ಹಿಡಿದರೆ ಸಾಧನ ಎಂದೂ ಸುಧಾರಿಸುವುದಿಲ್ಲ.

ಹಾಗಾಗಿ ಬಾಯಿಮಾತು ಬಿಟ್ಟು ಕೈ ನೋಡತೊಡಗಿದೆವು. ಬೆನ್ನು ನೊಂದವರು ಏಳುವಾಗ ಒಂದು ಕೈ ನಡಕ್ಕೆ ಹೋಗುತ್ತದೆ. ಹೆಬ್ಬೆರಳು ಮುಂದೆ, ನಾಲ್ಕು ಬೆರಳು ಬೆನ್ನಿಗೆ. ಅದನ್ನು ಯಾರೂ ಯೋಚಿಸಿ ಮಾಡುವುದಿಲ್ಲ, ಮರ್ಯಾದೆಗೆ ಮುಚ್ಚಿಡುವುದೂ ಇಲ್ಲ. ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ, ದಣಿವು ಏರುವ ಹೊತ್ತಿನಲ್ಲಿ, ಕೈ ನಡಕ್ಕೆ ಎಷ್ಟು ಸಲ ಹೋಯಿತು ಅಂತ ಎಣಿಸಿದೆವು. ಒಂದು ದಿನ ಪಟ್ಟಿ ಇದ್ದು, ಒಂದು ದಿನ ಇಲ್ಲದೆ. ಅರ್ಧ ಜನರಿಗೆ ಮೊದಲು ಪಟ್ಟಿ, ಇನ್ನರ್ಧಕ್ಕೆ ಆಮೇಲೆ. ನಾನು 190 ಎಣಿಸಿದ್ದ ಅಕ್ಕ ಪಟ್ಟಿ ಇಲ್ಲದ ದಿನ 14 ಸಲ ನಡ ಹಿಡಿದರು, ಪಟ್ಟಿ ಇದ್ದ ದಿನ 8 ಸಲ. ಇಬ್ಬರಿಗೆ ಮಾತ್ರ ಉಲ್ಟಾ ಆಯಿತು, ಪಟ್ಟಿ ಇದ್ದಾಗಲೇ ಜಾಸ್ತಿ ಸಲ ನಿಂತು ಹೆಗಲು ತಿಕ್ಕಿಕೊಂಡರು. ಎಂಟು ಜನ ಅಂದರೆ ಸಣ್ಣ ಲೆಕ್ಕ, ಇದರಿಂದ ದೊಡ್ಡ ಮಾತು ಆಡುವ ಹಾಗಿಲ್ಲ. ಆದರೆ ಎಲ್ಲಿ ಸರಿಮಾಡಬೇಕು ಅನ್ನುವುದು ಆ ಇಬ್ಬರಿಂದಲೇ ಗೊತ್ತಾಯಿತು.

ಪರೀಕ್ಷೆ ನಡೆಯುವಾಗ ಒಬ್ಬ ಅಂಗಡಿಯವರು ಬಂದು ಕೇಳಿದರು, "ಇದನ್ನ ಹಾಕ್ಕೊಂಡ್ರ ದಿನಕ್ಕ ಎಷ್ಟ್ ಚೀಲ ಜಾಸ್ತಿ ಆಗ್ತಾವು?" ಅವರ ಪ್ರಶ್ನೆಯಲ್ಲಿ ಕೆಟ್ಟತನ ಇರಲಿಲ್ಲ, ವ್ಯಾಪಾರದವರು ಹಾಗೇ ಕೇಳುತ್ತಾರೆ. ಆದರೂ ನನಗೆ ಹೊಟ್ಟೆಯಲ್ಲಿ ತಣ್ಣಗಾಯಿತು. ನೋವು ಕಡಿಮೆ ಆದಷ್ಟನ್ನೂ ಹೆಚ್ಚು ಚೀಲದಲ್ಲಿ ವಸೂಲಿ ಮಾಡಿದರೆ ಆ ಅಕ್ಕನಿಗೆ ಉಳಿಯುವುದೇನು? "ಚೀಲ ಅಷ್ಟೇ ಇರ್ತಾವ್ರಿ, ಸಂಜಿಗೆ ಮನಿಗೆ ಹೋಗಿ ರೊಟ್ಟಿ ಬಡಿಯೂದಕ್ಕ ತ್ರಾಣ ಇರ್ತದ" ಅಂದೆ. ಇದನ್ನು ಯಾರಿಗೆ ಕೊಡುವಾಗಲೂ ಹೇಳುತ್ತೇನೆ, ಪಟ್ಟಿ ಹಾಕಿದವರಿಗೆ ಕೆಲಸದ ಗುರಿ ಏರಿಸುವುದಾದರೆ ನನ್ನ ಪಟ್ಟಿ ವಾಪಸ್ ಕೊಡಿ ಅಂತ.

ಬಗ್ಗದೇ ಇರುವ ಹಾಗೆ ಎತ್ತರದ ಮೇಜು ಮಾಡಬಾರದಾ ಅಂತ ನೀವು ಕೇಳಬಹುದು. ಮೇಜೇ ಒಳ್ಳೆಯದು, ಅನುಮಾನ ಇಲ್ಲ. ಒಂದು ಶೆಡ್ಡಿನಲ್ಲಿ ಜಾಲಿ ಹಾಕಿದ ಮೇಜು ಮಾಡಿಕೊಟ್ಟೆ, ಅಲ್ಲಿ ಈಗ ಯಾರೂ ಬಗ್ಗುವುದಿಲ್ಲ, ಪಟ್ಟಿಯೂ ಬೇಕಿಲ್ಲ. ಬಯಲಿನಲ್ಲಿ ಮಾತ್ರ ಆಗಲಿಲ್ಲ. ಲಾರಿ ಬಂದು ನೆಲಕ್ಕೆ ರಾಶಿ ಸುರಿದು ಹೋಗುತ್ತದೆ, ಸವಾಲು (ಹರಾಜು) ಆದ ಮೇಲೆ ರಾಶಿ ಜಾಗ ಬದಲಿಸುತ್ತದೆ, ಮಳೆ ಮೋಡ ಕಂಡರೆ ಎಲ್ಲವನ್ನೂ ತಾಡಪತ್ರಿಯ ಕೆಳಗೆ ತಳ್ಳಬೇಕು. ಮೇಜು ಇಡಲು ಆಗದ ಇಂಥ ಜಾಗಕ್ಕೆ ಮಾತ್ರ ಈ ಪಟ್ಟಿ.

ಹೆಗಲಿನ ಕಥೆ ಬಾಕಿ ಇದೆ. ಬೆನ್ನಿನ ಪಟ್ಟಿ 15 ಕೆಜಿ ಎಳೆದರೆ ಅಷ್ಟೂ ಎಳೆತ ಹೆಗಲಿನ ಮೇಲೆ ಕೂರುತ್ತದೆ. ಹೆಗಲುಪಟ್ಟಿಯನ್ನು ಒಂದೂವರೆ ಇಂಚಿನಿಂದ ಮೂರು ಇಂಚಿಗೆ ಅಗಲ ಮಾಡಿದೆ. ಒಳಗೆ ಫೋಮ್ ಹಾಕಿದೆ, ಬೆವರು ಹೀರಿ ನಾರತೊಡಗಿತು. ನೇರ ಇಳಿಯುವ ಪಟ್ಟಿ ಬಗ್ಗಿದಾಗ ತೋಳಿನ ಕಡೆ ಜಾರುತ್ತಿತ್ತು. ಜಾರಬಾರದು ಅಂತ ಎದೆಯ ಮೇಲೆ ಅಡ್ಡಪಟ್ಟಿ ಕೊಟ್ಟರೆ ಹೆಣ್ಣುಮಕ್ಕಳಿಗೆ ಅದು ಒತ್ತುತ್ತಿತ್ತು. ಆ ಇಬ್ಬರು ಹೆಗಲು ತಿಕ್ಕಿಕೊಂಡದ್ದು ಇದಕ್ಕೇ. ನಾಲ್ಕು ತರಹ ಮಾಡಿ ನೋಡಿದೆ, ಯಾವುದೂ ವೈನಿಯ ಮನಸ್ಸಿಗೆ ಬರಲಿಲ್ಲ.

ಹೋದ ಸುಗ್ಗಿಯಲ್ಲಿ ಎಂಟು ಜನರಿಗೂ ಪಟ್ಟಿಗಳನ್ನು ಕೊಟ್ಟು, ಹದಿನೈದು ದಿನ ಆ ಕಡೆ ಹೋಗಬಾರದು ಅಂತ ನಿರ್ಧಾರ ಮಾಡಿದೆವು. ನಾವು ಎದುರಿಗಿದ್ದರೆ ಹಾಕಿಕೊಳ್ಳುವುದು ಬೇರೆ, ಇಲ್ಲದಾಗ ಹಾಕಿಕೊಳ್ಳುವುದು ಬೇರೆ. ಹದಿನಾರನೇ ದಿನ ಹೇಳದೆ ಹೋದೆವು. ಐದು ಜನರ ಮೈಮೇಲೆ ಪಟ್ಟಿ ಇತ್ತು. ಒಬ್ಬರದ್ದು ಮನೆಯಲ್ಲಿ ಮೊಮ್ಮಗ ಜೋಕಾಲಿ ಮಾಡಿಕೊಂಡಿದ್ದ. ಒಬ್ಬರು ಸೆಕೆಗೆ ಬೇಡ ಅಂತ ಬಿಟ್ಟಿದ್ದರು. ಇನ್ನೊಬ್ಬರು ಸೋಪು ಹಚ್ಚಿ ಒಗೆದು ಬಿಸಿಲಿಗೆ ಹರವಿದ್ದರು, ರಬ್ಬರ್ ಬಿರುಕು ಬಿಟ್ಟಿತ್ತು. ರಬ್ಬರನ್ನು ಬಿಚ್ಚಿ ಬಟ್ಟೆಯನ್ನಷ್ಟೇ ಒಗೆಯುವ ಹಾಗೆ ಮಾಡಬೇಕು ಅಂತ ಬರೆದುಕೊಂಡೆ.

ಹೆಗಲು ತಿಕ್ಕಿಕೊಂಡಿದ್ದ ಇಬ್ಬರಲ್ಲಿ ಒಬ್ಬರು ಆ ಐದರಲ್ಲಿ ಇದ್ದರು. ಇವರು ಹೇಗೆ ಹಾಕಿಕೊಂಡಿದ್ದಾರೆ ಅಂತ ಹತ್ತಿರ ಹೋಗಿ ನೋಡಿದೆವು. ಎದೆಯ ಅಡ್ಡಪಟ್ಟಿಯನ್ನು ಕತ್ತರಿಸಿ ತೆಗೆದಿದ್ದರು. ಎರಡು ಹೆಗಲುಪಟ್ಟಿಗಳನ್ನು ನೇರ ಇಳಿಸದೆ, ಕುತ್ತಿಗೆಯ ಹಿಂದೆ ಒಂದರ ಮೇಲೊಂದು ಅಡ್ಡ ಹಾಯಿಸಿ, ಕೂಡಿದ ಕಡೆ ದಪ್ಪ ದಾರದಲ್ಲಿ ಹೊಲಿದಿದ್ದರು. ಮುಂದೆ ಅವು ಕಂಕುಳಿನ ಪಕ್ಕದಿಂದ ಇಳಿದು ಎದೆಗೆ ತಾಗದೆ ಸೊಂಟಕ್ಕೆ ಬರುತ್ತಿದ್ದವು. ಹೆಗಲಿನ ಕೆಳಗೆ ಹಳೆ ಇಳಕಲ್ ಸೀರೆಯ ಸೆರಗಿನ ತುಂಡು, ನಾಲ್ಕು ಮಡಿಕೆ.

"ನೀವ್ ಸಿಟ್ಟಾಗ್ತೀರೇನೋ ಅಂತ ಹೇಳಿರ್ಲಿಲ್ಲ ತಮ್ಮಾ" ಅಂದರು.

ವೈನಿ ಅವರನ್ನು ಬಗ್ಗಲು ಹೇಳಿದರು. ಪಟ್ಟಿ ಜಾರಲಿಲ್ಲ. ಕುಕ್ಕರಗಾಲಲ್ಲಿ ಕೂರಲು ಹೇಳಿದರು. ಜಾರಲಿಲ್ಲ. ನಾನು ಜೇಬಿನಿಂದ ಟೇಪ್ ತೆಗೆದು ವೈನಿಯ ಕೈಗೆ ಕೊಟ್ಟೆ. ಕುತ್ತಿಗೆಯ ಬುಡದಿಂದ ಆ ಹೊಲಿಗೆಯವರೆಗೆ ಎಷ್ಟು, ಹೊಲಿಗೆಯಿಂದ ಹೆಗಲ ತುದಿಗೆ ಎಷ್ಟು, ಸೀರೆಯ ತುಂಡಿನ ಅಗಲ ಎಷ್ಟು, ಅವರು ಒಂದೊಂದಾಗಿ ಹೇಳುತ್ತಾ ಹೋದರು. ನಾನು ಉಳ್ಳಾಗಡ್ಡಿ ಚೀಲದ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಬರೆದುಕೊಂಡೆ.